ದಿನ ಶುರುವಾಗುವ ಗಂಟೆ

ಅವಳು ಬರೆದ ಒಂದು ಸಾಲು ನನಗೆ ಇಂದಿಗೂ ಬಾಯಿಪಾಠ. ಅದೇ ತಿಂಗಳುಗಳಲ್ಲಿ ನಾನು ಬರೆದ ಸಾವಿರಾರು ಸಾಲುಗಳಲ್ಲಿ ಒಂದೂ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಎಲ್ಲೆಲ್ಲಿ ವಿವರ ಚೂಪಾಗಿದೆಯೋ ಅಲ್ಲೆಲ್ಲ ಹೊಟ್ಟೆಕಿಚ್ಚು ಕೆಲಸ ಮಾಡಿದೆ ಎಂದು ಓದುವವರು ತಿಳಿಯಬೇಕು. ನೆನಪು ಬಟ್ಟೆ ಮಡಿಸುವವರ ಹಾಗೆ, ಸುಕ್ಕು ಕಾಣದಂತೆ ಅಂಚಿಗೆ ಅಂಚು ಕೂಡಿಸಿ ಇಡುತ್ತದೆ. ಹೊಟ್ಟೆಕಿಚ್ಚಿಗೆ ಸುಕ್ಕೇ ಬೇಕು.

ಅದಿರಿನ ಭರಾಟೆಯ ವರ್ಷಗಳು ಅವು. ನಾನಿದ್ದ ಸಂಸ್ಥೆಗೆ ಸಂಡೂರಿನ ಗುಡ್ಡದ ಮೇಲೆ ಗಣಿ ಇತ್ತು. ಹೊಸಪೇಟೆಯ ಹೊರಗೆ ಒಂದು ರೈಲ್ವೆ ಸೈಡಿಂಗು, ಅಂದರೆ ಲಾರಿಗಳು ತಂದು ಸುರಿದ ಅದಿರನ್ನು ಗೂಡ್ಸ್ ರೈಲಿಗೆ ತುಂಬುವ ಜಾಗ. ಊರೊಳಗೆ ಕಚೇರಿ. ಕಮಲಾಪುರದಲ್ಲಿ ಒಂದು ಗೆಸ್ಟ್ ಹೌಸು, ಏಕೆಂದರೆ ಅದಿರು ಕೊಳ್ಳಲು ದೂರದಿಂದ ಬಂದವರು ಹಂಪಿ ನೋಡದೆ ಸಹಿ ಹಾಕುತ್ತಿರಲಿಲ್ಲ. ಈ ನಾಲ್ಕೂ ಕಡೆಯ ಈಮೇಲು ನನ್ನ ಕೈಯಲ್ಲಿತ್ತು. ಕಚೇರಿಯ ಹಿಂಬದಿಯ ಕಿರಿದಾದ ಕೋಣೆಯಲ್ಲಿ ಒಂದು ಲಿನಕ್ಸ್ ಯಂತ್ರ, ಅದರ ಮೇಲೆ ನಾನು ಒಬ್ಬನೇ ಕಟ್ಟಿದ ವೆಬ್‌ಮೇಲ್. ಸಂಡೂರಿನ ನಿಧಾನದ ಲೈನಿನಲ್ಲೂ ತೆರೆಯಲಿ ಎಂದು ಅದರ ಪುಟಗಳನ್ನು ಒಂದೊಂದಾಗಿ ಹಗುರ ಮಾಡಿದ್ದೆ. ಕೋಣೆಗೆ ಏಸಿ ಇತ್ತು, ಕಿಟಕಿಗೆ ಎರಡು ಪರದೆ ಇದ್ದವು. ಆದರೂ ಯಂತ್ರದ ಫ್ಯಾನು ಬಿಚ್ಚಿದರೆ ಬ್ರಶ್ಶಿಗೆ ಕೆಂಪು ಧೂಳು ಬರುತ್ತಿತ್ತು. ನನ್ನನ್ನು ಎಲ್ಲರೂ ಟಪಾಲ್ ಮಾಸ್ತರ್ ಎಂದು ಕರೆಯುತ್ತಿದ್ದರು. ಪ್ರೀತಿಯಿಂದ ಎಂದು ಆಗ ಅಂದುಕೊಂಡಿದ್ದೆ.

ಅದಿರು ತುಂಬುವ ಲೋಡರ್ ಯಂತ್ರ, ಜೀಪುಗಳು, ಗೆಸ್ಟ್ ಹೌಸಿನ ಕೋಣೆಗಳು, ರೈಲು ಬರುವ ಹೊತ್ತು, ಎಲ್ಲವನ್ನೂ ಎಲ್ಲರಿಗೂ ಮೇಲ್ ಹಾಕಿ ಹಂಚಿಕೊಳ್ಳುವ ಪದ್ಧತಿ. ಒಬ್ಬ ಕೇಳಿದರೆ ಉಳಿದವರೆಲ್ಲ ಉತ್ತರಿಸುತ್ತಿದ್ದರು. ಯಾವ ಉತ್ತರ ಕೊನೆಯದು ಎಂಬುದರ ಮೇಲೆ ಜಗಳ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಗೆಸ್ಟ್ ಹೌಸ್ ನೋಡಿಕೊಳ್ಳುವ ಮೇಟಿ ರವಾನೆ ಮ್ಯಾನೇಜರಿಗೆ ಫೋನ್ ಮಾಡಿದ. ಸಂಸ್ಥೆಯ ಹೊಸಪೇಟೆ ವ್ಯವಹಾರವೆಲ್ಲ ಈ ಮ್ಯಾನೇಜರ್ ಹೇಳಿದಂತೆ ನಡೆಯುತ್ತಿತ್ತು. ಫೋನಿನ ದನಿ ಹೊರಗಿನ ಹಾಲಿಗೂ ಕೇಳಿಸಿತು.

“ಸಾರ್, ಒಳಗ ನಿಮ್ಮ ಅಳಿಯಾರು ಮಲಗ್ಯಾರ. ಹೊರಗ ಫಾರಿನ್ನಾರು ಪೆಟಗಿ ಹಿಡಕೊಂಡು ನಿಂತಾರ. ಇಬ್ಬರ ಕಡೆನೂ ಮೇಲ್ ಐತಂತ. ಯಾರನ್ನ ಎಬ್ಬಸ್ಲಿ, ಯಾರನ್ನ ಕುಂದ್ರಸ್ಲಿ?”

ಮ್ಯಾನೇಜರ್ ಅಂದೇ ನನ್ನನ್ನು ಕರೆದರು. “ಮಾಸ್ತರ್, ಟಪಾಲಿನಾಗ ಒಂದು ಕ್ಯಾಲೆಂಡರ್ ಕುಂದ್ರಸ್ರಿ. ಎಲ್ಲಾರೂ ಒಂದನ್ನೇ ನೋಡ್ಬೇಕು, ಎಲ್ಲಾರೂ ಒಂದ್ರಾಗೇ ಬರೀಬೇಕು.”

“ಆಗ್ತದ ಸಾರ್. ನಾ ಮಾಡ್ತೀನಿ.”

“ನೀವೊಬ್ಬರೇ ಮಾಡಿದ್ರ ದೀಪಾವಳಿ ಮುಗೀತದ. ಜೋಡಿಗೆ ಒಬ್ಬರನ್ನ ಕೊಡ್ತೀನಿ.” ಆಮೇಲೆ ಕಾಗದಗಳನ್ನು ನೋಡುತ್ತಲೇ ಸೇರಿಸಿದರು. “ಬೈಪಾಸಿನ ಹೊಸ ಕಟ್ಟಡಕ್ಕ ಹೋದ ಮ್ಯಾಲ ಕಂಪ್ಯೂಟರಿಂದು ಒಬ್ಬರೇ ಉಸ್ತುವಾರಿ. ಇದನ್ನ ಯಾರು ನೆಟ್ಟಗ ನಡಸ್ತಾರೋ ಅವರು.”

ಆ ಕುರ್ಚಿ ನನ್ನದೆಂದೇ ನಾನು ತಿಳಿದಿದ್ದೆ. ಆ ಮಾತಿನಿಂದ ಅದು ಇಬ್ಬರ ನಡುವೆ ಬಂದು ನಿಂತಿತು.

ಜೋಡಿಗೆ ಬಂದವಳು ಕಂಪ್ಲಿಯವಳು. ಬಳ್ಳಾರಿಯಲ್ಲಿ ಓದಿದ್ದಳು. ಮನೆಯವರದು ಅಕ್ಕಿ ಗಿರಣಿ. ದಿನಾ ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮೊದಲ ದಿನ ಹಳದಿ ದುಪಟ್ಟಾ ಹಾಕಿದ್ದಳು ಎಂದು ನನಗೆ ನೆನಪು. ಆದರೆ ಈ ಹಳದಿಯನ್ನು ನಾನು ನಂಬುವುದಿಲ್ಲ. ಆಮೇಲೆ ಅವಳು ಮಾಡಿದ ಕ್ಯಾಲೆಂಡರಿನಲ್ಲಿ ಸೈಡಿಂಗಿನ ಬಣ್ಣ ಹಳದಿ. ನೆನಪು ಅಲ್ಲಿಂದ ಕದ್ದು ಇಲ್ಲಿಗೆ ಹೊದಿಸಿರಬಹುದು.

ಕೆಲಸವನ್ನು ಎರಡು ಭಾಗ ಮಾಡಿಕೊಂಡೆವು. ವೆಬ್‌ಮೇಲಿಗೆ ಅಂಟಿಕೊಂಡದ್ದೆಲ್ಲ ನನ್ನದು. ಮೇಲ್ ತೆರೆಯುವ ಗುಪ್ತಪದದಿಂದಲೇ ಕ್ಯಾಲೆಂಡರೂ ತೆರೆಯಬೇಕು. ಯಾರು ಬರಿಯ ನೋಡಬಹುದು, ಯಾರು ಬರೆಯಬಹುದು, ಯಾರಿಗೆ ‘ಖಾಲಿ ಇಲ್ಲ’ ಎಂದಷ್ಟೇ ಕಾಣಬೇಕು, ಇದನ್ನು ಒಬ್ಬೊಬ್ಬರಿಗೂ ಗೊತ್ತುಮಾಡಬೇಕು. ಹೊತ್ತು ಹತ್ತಿರ ಬಂದಾಗ ನೆನಪೋಲೆ ಹೋಗಬೇಕು. ಸೈಡಿಂಗಿನವರು ಮೇಲ್ ಓದುವವರಲ್ಲ. ಅದಕ್ಕೆ ಒಂದು ಹಳೆಯ ಮೊಬೈಲನ್ನು ತಂತಿಯಿಂದ ಯಂತ್ರಕ್ಕೆ ಕಟ್ಟಿ, ಅದರ ಮೂಲಕ ಎಸ್ಸೆಮ್ಮೆಸ್ ಹೋಗುವಂತೆ ಮಾಡಿದೆ. ಈ ಜುಗಾಡು ನನಗೆ ಬಹಳ ಹೆಮ್ಮೆಯದು. ಅದನ್ನು ಯಾರೂ ನೋಡಲಿಲ್ಲ, ಏಕೆಂದರೆ ಅದು ಏಸಿ ಕೋಣೆಯ ಕಪಾಟಿನ ಹಿಂದೆ ಇತ್ತು.

ಪರದೆಯ ಮೇಲೆ ಕಾಣುವುದೆಲ್ಲ ಅವಳದು. ದಿನಕ್ಕೊಂದು ಚೌಕದಂತೆ ತಿಂಗಳ ಮನೆಗಳು, ಮನೆಯೊಳಗಿನ ಬರಹ, ಅದನ್ನು ಉಳಿಸುವುದು, ಬಣ್ಣ. ಪುಟವನ್ನು ಮತ್ತೆ ತರಿಸದೆ, ಮನೆಯ ಮೇಲೆ ಒತ್ತಿದರೆ ಅಲ್ಲೇ ಬರೆಯುವ ಜಾಗ ತೆರೆದುಕೊಳ್ಳುವಂತೆ ಮಾಡಿದಳು. ಆಗಿನ್ನೂ ಅದು ಹೊಸ ವಿದ್ಯೆ. ಸಂಡೂರಿನ ಲೈನಿಗೆ ಇದು ನಡೆಯುವುದಿಲ್ಲ ಎಂದು ನಾನು ಹೇಳಿದೆ. ಅವಳು ಗಣಿಯ ಜೀಪಿನಲ್ಲಿ ಸಂಡೂರಿಗೇ ಹೋಗಿ, ಅಲ್ಲಿಯ ಲೈನಿನಲ್ಲಿ ಕೂತು ನಡೆಸಿ ಬಂದಳು. ಬಸ್ಸು ಹೇಗೂ ಕಮಲಾಪುರದ ಮೇಲೆ ಬರುತ್ತದೆಂದು ದಾರಿಯಲ್ಲಿ ಇಳಿದು ಗೆಸ್ಟ್ ಹೌಸಿನ ಮೇಟಿಗೆ ಕಲಿಸಿದಳು. ನಾನು ಆ ಎಲ್ಲ ದಿನಗಳೂ ಕೋಣೆಯಲ್ಲೇ ಇದ್ದೆ.

ಕ್ಯಾಲೆಂಡರ್ ಶುರುವಾಯಿತು. ನಡೆಯಿತು. ನಡೆದದ್ದೇ ತೊಂದರೆ.

ಮೇಲ್ ಸರಿಯಾಗಿ ಹೋದಾಗ ಯಾರಿಗೂ ಅದು ಕಾಣುವುದಿಲ್ಲ. ಕೆಟ್ಟಾಗ ಮಾತ್ರ ಕಾಣುತ್ತದೆ. ಕ್ಯಾಲೆಂಡರ್ ಹಾಗಲ್ಲ, ದಿನವಿಡೀ ಕಣ್ಣ ಮುಂದೆ ಬಣ್ಣ ಬಣ್ಣವಾಗಿ ತೆರೆದಿರುತ್ತದೆ. ವಾರ ಕಳೆಯುವಷ್ಟರಲ್ಲಿ ಅದಕ್ಕೆ ಕಂಪ್ಲಿ ಕ್ಯಾಲೆಂಡರ್ ಎಂದು ಹೆಸರು ಬಿತ್ತು. ಸೈಡಿಂಗಿನ ಸೂಪರ್‌ವೈಸರು, ಎತ್ತರದ ದನಿಯ ಒಬ್ಬ ಹಿರಿಯ ಮನುಷ್ಯ, ನನ್ನ ಕೋಣೆಗೆ ಫೋನ್ ಮಾಡಿ “ಮೇಡಂ ಅದಾರೇನು?” ಎನ್ನುತ್ತಿದ್ದರು.

“ಏನಾಗ್ಬೇಕಿತ್ರಿ? ನನಗ ಹೇಳ್ರಿ.”

“ನಿಮಗ್ಯಾಕ ತ್ರಾಸು ಮಾಸ್ತರ್ರ. ಇದು ಕ್ಯಾಲೆಂಡರಿಂದು. ಟಪಾಲಿಂದಿದ್ರ ನಿಮಗ ಹೇಳ್ತೀನಲ್ಲ.”

ಎಸ್ಸೆಮ್ಮೆಸ್ ತಲುಪಿದ್ದಕ್ಕೂ ಅವಳಿಗೇ ಥ್ಯಾಂಕ್ಸ್. “ಮೇಡಂ, ನಿಮ್ಮ ಮೆಸೇಜು ಮಸ್ತ್ ಟೈಮಿಗೆ ಬಂತ್ರಿ.” ಅವಳು ನನ್ನ ಕಡೆ ಕೈ ತೋರಿಸಿ “ಅದು ಅವರದು ರೀ” ಎಂದು ಫೋನಿನಲ್ಲಿ ಹೇಳುವುದನ್ನು ನಾನು ಕೇಳಿದ್ದೇನೆ. ಹೇಳದಿದ್ದರೆ ಚೆನ್ನಾಗಿತ್ತು. ಹಾಗೆ ಕೈ ತೋರಿಸುವುದು ಕೊಡಲು ಬೇಕಾದಷ್ಟು ಇರುವವರ ಸಲಿಗೆ.

ಹೀಗಾಗಿ ಅವಳ ಪ್ರೋಗ್ರಾಮಿನ ಕೋಡನ್ನು ಓದಲು ಕೂತೆ. ಆಗದವರ ಮನೆಯ ಲಗ್ನಪತ್ರಿಕೆಯಲ್ಲಿ ತಪ್ಪು ಹುಡುಕುವ ಹಾಗೆ ಓದಿದೆ. ಚೊಕ್ಕಟವಾಗಿತ್ತು. ಚೊಕ್ಕಟವಾಗಿದ್ದಷ್ಟೂ ಸಿಟ್ಟು ಬಂತು. ಕೊನೆಗೆ, ವೇಳೆಯನ್ನು ಉಳಿಸಿಡುವ ಜಾಗದಲ್ಲಿ, ಆ ಸಾಲು ಸಿಕ್ಕಿತು.

ಇದನ್ನು ವಿವರಿಸಬೇಕು. ಯಂತ್ರಗಳು ವೇಳೆಯನ್ನು ಲೋಕಕ್ಕೆಲ್ಲ ಒಂದೇ ಆದ ಗಡಿಯಾರದಲ್ಲಿ ಉಳಿಸುತ್ತವೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಮಂಗಳವಾರ ನಸುಕಿನ ಎರಡು ಗಂಟೆಯನ್ನು ಉಳಿಸಬೇಕಾದರೆ ಎರಡರಿಂದ ಐದೂವರೆ ಕಳೆಯಬೇಕು. ಸಾಲದು. ಹಿಂದಿನ ದಿನದಿಂದ ಇಪ್ಪತ್ನಾಲ್ಕು ಗಂಟೆ ಕಡ ತರಬೇಕು, ಕಡ ತಂದದ್ದಕ್ಕೆ ತಾರೀಖನ್ನು ಒಂದು ಕಡಿಮೆ ಮಾಡಬೇಕು. ಶಾಲೆಯ ಕಳೆಯುವ ಲೆಕ್ಕವೇ ಇದು. ಅವಳ ಸಾಲು ಹೀಗೆ ಹೇಳುತ್ತಿತ್ತು: ತಾರೀಖನ್ನು ಇದ್ದಂತೆ ಬಿಡು, ಗಂಟೆಯಿಂದ ಐದೂವರೆ ಕಳೆ, ಸೊನ್ನೆಗಿಂತ ಕೆಳಗೆ ಹೋದರೆ ಇಪ್ಪತ್ನಾಲ್ಕು ಕೂಡಿಸು. ಕಡ ತಂದಿದ್ದಳು, ತಾರೀಖಿನಲ್ಲಿ ಮುರಿದುಕೊಂಡಿರಲಿಲ್ಲ.

ಇದರ ಫಲ ವಿಚಿತ್ರವಾಗಿತ್ತು. ಮಂಗಳವಾರದ ಮನೆಯಲ್ಲಿ ಎರಡು ಗಂಟೆ ಎಂದು ಬರೆದರೆ ಯಂತ್ರ ಅದನ್ನು ಬುಧವಾರ ನಸುಕಿನ ಎರಡು ಎಂದು ತಿಳಿಯುತ್ತಿತ್ತು. ಪರದೆಯ ಮೇಲೆ ಮಾತ್ರ ಮಂಗಳವಾರದ ಮನೆಯಲ್ಲೇ, ರಾತ್ರಿ ಹನ್ನೊಂದರ ಕೆಳಗೆ, ಕಟ್ಟಕಡೆಗೆ ಕೂರಿಸುತ್ತಿತ್ತು. ಒಂದು ಇಡೀ ದಿನದ ತಪ್ಪು. ಶಾಲೆಯ ಮಕ್ಕಳು ಮಾಡುವ ತಪ್ಪು. ನಾನು ಕುರ್ಚಿಯಿಂದ ಎದ್ದು, ಏಸಿ ಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬನೇ ನಕ್ಕೆ.

ಅವಳ ಮೇಜು ಗೋಡೆಯಾಚೆಗೇ ಇತ್ತು. ಅಲ್ಲಿ ಹೋಗಿ ಹೇಳಬಹುದಿತ್ತು. ಸೋಮವಾರದ ಸಭೆಯ ತನಕ ಕಾದೆ.

ಸಭೆಯಲ್ಲಿ ಮ್ಯಾನೇಜರ್, ಅವಳು, ನಾನು, ಕಚೇರಿಯ ಇನ್ನೂ ಕೆಲವರು. ಪರದೆಯ ಮೇಲೆ ಮಾಡಿ ತೋರಿಸಿದೆ. ಎರಡು ಗಂಟೆಯ ಒಂದು ನಮೂದನ್ನು ಹಾಕಿ, ಅದರ ಎಸ್ಸೆಮ್ಮೆಸ್ ಯಾವ ತಾರೀಖಿಗೆ ಹೋಗುತ್ತದೆ ಎಂದು ಓದಿ ಹೇಳಿದೆ.

ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. “ಅಲ್ರಿ, ಮೆಸೇಜು ಟೈಮಿಗೆ ಬರ್ತೈತಿ ಅಂತ ಸೈಡಿಂಗಿನಾರು ಹೇಳ್ತಾರಲ್ಲ?”

“ಬರ್ತದ ಸಾರ್. ಆದ್ರ ಒಂದು ದಿನ ತಪ್ಪಿ ಬರ್ತದ.”

“ತಪ್ಪಿ ಬಂದ್ರೂ ಟೈಮಿಗೆ ಬರ್ತೈತಿ ಅಂದ್ರ ಹೆಂಗ?”

ಈ ಪ್ರಶ್ನೆಯಲ್ಲೇ ಎಲ್ಲ ಇತ್ತು. ನನಗೆ ಅದು ಕೇಳಿಸಲಿಲ್ಲ. “ಸಾರ್, ನಾಳೆ ಫಾರಿನ್ನಾರಿಗೆ ಇದರಿಂದಲೇ ಕರೆಯೋಲೆ ಹೋಗ್ತದ. ತಾರೀಖು ತಪ್ಪಿದ್ರ ಸಂಸ್ಥೆ ಮರ್ಯಾದಿ ಪ್ರಶ್ನೆ” ಎಂದೆ. ಮರ್ಯಾದೆ ಎಂಬ ಮಾತಿಗೆ ಮ್ಯಾನೇಜರ್ ತಣ್ಣಗಾದರು. ಅವಳ ಕಡೆ ತಿರುಗಿದರು.

ಅವಳು ನಕ್ಕಳು ಎಂದು ಒಂದು ನೆನಪು. ಕಿಟಕಿಯ ಹೊರಗೆ ನಿಂತಿದ್ದ ಲಾರಿಗಳನ್ನು ನೋಡುತ್ತಿದ್ದಳು ಎಂದು ಇನ್ನೊಂದು. ಎರಡನ್ನೂ ನಾನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಮಾಡಿಕೊಂಡಿರಬೇಕು. ಅವಳ ಮಾತು ಮಾತ್ರ ಸ್ಪಷ್ಟ: “ತಪ್ಪು ಅನ್ಸಿದ್ರ ತಿದ್ರಿ.”

ಅದೇ ದಿನ ತಿದ್ದಿದೆ. ಈಗ ಮಂಗಳವಾರದ ಎರಡು ಗಂಟೆ ಎಂದರೆ ಮಂಗಳವಾರ ನಸುಕಿನ ಎರಡು ಗಂಟೆ, ಮನೆಯ ನೆತ್ತಿಯ ಮೇಲೆ. ತಾಂತ್ರಿಕ ತಿದ್ದುಪಡಿಯಾಗಿದೆ ಎಂದು ಎಲ್ಲರಿಗೂ ಒಂದು ಮೇಲ್ ಕಳಿಸಿದೆ. ಟಪಾಲ್ ಮಾಸ್ತರನ ಮೇಲನ್ನು ಓದುವವರು ಯಾರು? ಆ ವಾರ ರೈಲುಗಳೆಲ್ಲ ಹಗಲಲ್ಲೇ ಬಂದವು. ಏನೂ ಗೊತ್ತಾಗಲಿಲ್ಲ. ನಾನು ಹೊಸ ಕಟ್ಟಡದಲ್ಲಿ ಯಂತ್ರದ ಕೋಣೆ ಯಾವ ದಿಕ್ಕಿಗೆ ಇರಬೇಕು ಎಂದು ಚಿತ್ರ ಬರೆಯುತ್ತ ಕೂತಿದ್ದೆ.

ಮುಂದಿನ ವಾರದ ಶುಕ್ರವಾರ ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೇ ಸೈಡಿಂಗಿನ ಸೂಪರ್‌ವೈಸರರ ದನಿ ಕೇಳಿಸಿತು. ಮ್ಯಾನೇಜರರ ಕೋಣೆಗೆ ಹೋದೆ. ಸೂಪರ್‌ವೈಸರು ತಲೆಯಿಂದ ಚಪ್ಪಲಿಯ ತನಕ ಕೆಂಪಾಗಿದ್ದರು. ಕೂರಲು ಹೇಳಿದರೂ ಕೂರದೆ ನಿಂತಿದ್ದರು.

“ಬರ್ರಿ ಟಪಾಲ್ ಮಾಸ್ತರ್ರ, ಬರ್ರಿ. ನಿಮ್ಮ ಮೆಸೇಜು ಎಲ್ಲಿ ಹೋಗಿತ್ರಿ? ಹಂಪಿ ನೋಡಾಕ ಹೋಗಿತ್ತೇನು?”

“ಏನಾತ್ರಿ?”

“ಏನಾತೇನು! ಖಾಲಿ ರೈಲು ಬಂದು ಸೈಡಿಂಗಿನಾಗ ನಿಂತೈತಿ. ತುಂಬಾಕ ಲೋಡರ್ ಇಲ್ಲ. ಸಂಡೂರಿನಾರು ಕ್ಯಾಲೆಂಡರ್ ನೋಡಿ, ಲೋಡರ್ ಖಾಲಿ ಐತಿ ಅಂತ ನಿನ್ನೆ ಸಂಜಿಗೇ ಗುಡ್ಡಕ್ಕ ಒಯ್ದಾರ. ನನಗ ಮೆಸೇಜಿಲ್ಲ, ಅವರಿಗೆ ಮೆಸೇಜಿಲ್ಲ. ರೈಲ್ವೆಯಾರು ಬಂದು ಗಡಿಯಾರ ತೋರಸ್ತಾರ.”

ರೈಲು ಬಂದು ನಿಂತ ಮೇಲೆ ಇಂತಿಷ್ಟು ಹೊತ್ತಿನಲ್ಲಿ ತುಂಬಿ ಕಳಿಸಬೇಕು, ತಡವಾದರೆ ದಂಡ. ದಂಡಕ್ಕಿಂತ ದೊಡ್ಡ ಭಯ, ಮುಂದಿನ ರೈಲನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ ಎಂಬುದು. ಆ ವರ್ಷಗಳಲ್ಲಿ ರೈಲಿಗಾಗಿ ಕಾಯದ ಗಣಿ ಇರಲಿಲ್ಲ.

“ನೀವು ಕ್ಯಾಲೆಂಡರಿನಾಗ ಬರದಿದ್ರೇನು?” ಎಂದು ಕೇಳಿದೆ.

“ಬರದೀನ್ರಿ! ನಿನ್ನೆ ಮಧ್ಯಾಹ್ನ ಸ್ಟೇಷನ್ನಿಂದ ಫೋನ್ ಬಂದ ಕೂಡ್ಲೇ ಬರದೀನಿ. ಗುರುವಾರದ ಮನ್ಯಾಗ ಮೂರು ಗಂಟಿ.”

ನನ್ನ ತಿದ್ದುಪಡಿಯ ಲೆಕ್ಕದಲ್ಲಿ ಆ ಮೂರು ಗಂಟೆ ಅವರು ಬರೆಯುವ ಹೊತ್ತಿಗೇ ಕಳೆದುಹೋಗಿತ್ತು.

“ರಾತ್ರಿ ಮೂರು ಗಂಟೆ ಅಂದ್ರ ಶುಕ್ರವಾರ ಆತಲ್ರಿ. ಹನ್ನೆರಡು ದಾಟ್ತಲ್ಲ.”

“ಯಾರಿಗೆ ದಾಟ್ತು?”

“ಗಡಿಯಾರಕ್ಕ.”

“ಗಡಿಯಾರ ವ್ಯಾಗನ್ ತುಂಬ್ತೈತೇನ್ರಿ? ರಾತ್ರಿ ಪಾಳಿಯಾರು ಗುರುವಾರದ ಹಾಜರಿ ಹಾಕಿ ಬರ್ತಾರ, ಬೆಳಿಗ್ಗೆ ಆರಕ್ಕ ಬಿಡ್ತಾರ. ಆರರ ತನಕ ಅವರಿಗೆ ಗುರುವಾರನ. ನಡುವ ಕತ್ತಲಾಗ ನೀವು ಎಲ್ಲಿಂದ ಶುಕ್ರವಾರ ತಂದು ತುರುಕ್ತೀರಿ?”

“ಸ್ಟೇಷನ್ನಿನಾರು ಶುಕ್ರವಾರದ ತಾರೀಖೇ ಹೇಳಿರ್ತಾರಲ್ರಿ.”

“ಹೇಳ್ತಾರ. ಅವರ ಶುಕ್ರವಾರ ಮೂರು ಗಂಟಿ ಅಂದ್ರ ನಮ್ಮ ಗುರುವಾರ ರಾತ್ರಿ. ಇಷ್ಟು ವರ್ಷ ಹಂಗ ನಡದೈತಿ. ಮೊನ್ನೆ ಮೊನ್ನೆ ತನಕ ನಿಮ್ಮ ಕ್ಯಾಲೆಂಡರಿಗೂ ತಿಳೀತಿತ್ತು. ಈಗ ಅದಕ್ಕ ಯಾರು ಏನು ಕುಡಿಸಿದ್ರೋ.”

ಮ್ಯಾನೇಜರ್ ಮೆಲ್ಲಗೆ ಕೇಳಿದರು. “ಮಾಸ್ತರ್, ನೀವು ರಾತ್ರಿ ಉಂಡು ಮಲ್ಕೊಂತೀರಲ್ಲ. ನಿಮಗ ಶುಕ್ರವಾರ ಯಾವಾಗ ಆಗ್ತೈತಿ?”

“…ಎದ್ದ ಮೇಲೆ.”

“ಹಂಗಾರ?”

ಅಷ್ಟು ಹೊತ್ತಿಗೆ ಕಂಪ್ಲಿಯ ಬಸ್ಸು ಬಂದಿತ್ತು. ಅವಳು ಹೆಗಲ ಚೀಲ ಇಳಿಸದೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ನನ್ನತ್ತ ನೋಡಲಿಲ್ಲ. ಮೊದಲು ಸಂಡೂರಿಗೆ ಫೋನ್ ಮಾಡಿ ಲೋಡರನ್ನು ಗುಡ್ಡದಿಂದ ಇಳಿಸಲು ಹೇಳಿದಳು. ಆಮೇಲೆ ಮ್ಯಾನೇಜರನ್ನು ಕೇಳಿದಳು. “ಹಳೇದನ್ನ ಹಾಕ್ಲೇನ್ರಿ?”

ಹಾಕುವುದು ಸುಲಭ. ಅವಳ ಹಳೆಯ ಕಡತ ಯಂತ್ರದಲ್ಲೇ ಇತ್ತು. ಒಂದು ಆಜ್ಞೆ ಸಾಕು. ಶಾಲೆಯ ಮಕ್ಕಳ ತಪ್ಪು ಎಂದು ನಾನು ಸಭೆಯಲ್ಲಿ ಎತ್ತಿ ತೋರಿಸಿದ್ದ ಸಾಲು ಮತ್ತೆ ತನ್ನ ಜಾಗದಲ್ಲಿ ಕೂರುತ್ತಿತ್ತು, ಸರಿಯಾದದ್ದು ಎಂಬ ಪಟ್ಟ ಕಟ್ಟಿಕೊಂಡು.

“ಬ್ಯಾಡ” ಎಂದೆ.

ಮೂವರೂ ನನ್ನತ್ತ ನೋಡಿದರು. ಕಾರಣ ಹೇಳಬೇಕಾಯಿತು. ಹೇಳಿದೆ. ಗೆಸ್ಟ್ ಹೌಸಿಗೆ ಬರುವವರು ಟಿಕೆಟ್ಟಿನಲ್ಲಿರುವ ತಾರೀಖನ್ನು ಕಳಿಸುತ್ತಾರೆ. ಹೈದರಾಬಾದಿನಿಂದ ಯಾರೋ ಶನಿವಾರ ನಸುಕಿನ ನಾಲ್ಕಕ್ಕೆ ಬರುತ್ತೇವೆ ಎಂದು ಬರೆದರೆ, ಹಳೆಯ ಸಾಲು ಅದನ್ನು ಭಾನುವಾರಕ್ಕೆ ತಳ್ಳುತ್ತದೆ. ಅವರು ಬಂದು ಬೀಗದ ಮುಂದೆ ನಿಲ್ಲುತ್ತಾರೆ. ಸೈಡಿಂಗಿಗೆ ದಿನ ಬೆಳಿಗ್ಗೆ ಆರಕ್ಕೆ ಶುರು, ಗೆಸ್ಟ್ ಹೌಸಿಗೆ ನಡುರಾತ್ರಿ ಹನ್ನೆರಡಕ್ಕೆ. ಒಂದೇ ಕ್ಯಾಲೆಂಡರಿನಲ್ಲಿ ಎರಡು ಬಗೆಯ ದಿನಗಳು ಇರಬೇಕು. ಅದನ್ನು ಕಟ್ಟಬೇಕು, ನಾನು ಕಟ್ಟುತ್ತೇನೆ.

ಈ ಕಾರಣ ನಿಜ. ಇಂದಿಗೂ ಅದನ್ನು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ. ಆದರೆ ಅದು ನನಗೆ ಹೊಳೆದದ್ದು ‘ಬ್ಯಾಡ’ ಎಂದ ಮೇಲೆ.

“ಆತು, ಕಟ್ರಿ” ಎಂದರು ಮ್ಯಾನೇಜರ್. “ಅಲ್ಲೀತನಕ ಮೇಡಮ್ದೇ ನಡೀಲಿ. ಮೇಡಂ, ಹಾಕಿಬಿಡ್ರಿ.”

ಹೀಗೆ ಅವಳ ತಪ್ಪಿನ ಮೇಲೆ ಸೈಡಿಂಗು ನಡೆಯುತ್ತಿರುವಾಗ ನಾನು ಸರಿಯಾದದ್ದನ್ನು ಕಟ್ಟಿದೆ. ಪ್ರತಿಯೊಂದು ಕ್ಯಾಲೆಂಡರಿಗೂ ‘ದಿನ ಶುರುವಾಗುವ ಗಂಟೆ’ ಎಂಬ ಒಂದು ಗುಣ ಕೊಟ್ಟೆ. ಯಂತ್ರದೊಳಗೆ ನಿಜವಾದ ವೇಳೆಯೇ ಉಳಿಯುತ್ತದೆ. ತೋರಿಸುವಾಗ ಆ ಗಂಟೆಯನ್ನು ಕಳೆದು ಯಾವ ಮನೆ ಎಂದು ಗೊತ್ತುಮಾಡುತ್ತದೆ. ಬರೆಯುವಾಗ ಅದಕ್ಕೆ ತಿರುಗುಮುರುಗು. ಆರಿಸಿಕೊಳ್ಳಲು ಅರ್ಧರ್ಧ ಗಂಟೆಗೆ ಒಂದರಂತೆ ಪಟ್ಟಿ. ಸಂಡೂರು ಮತ್ತು ಸೈಡಿಂಗಿಗೆ ಆರು, ಗೆಸ್ಟ್ ಹೌಸಿಗೆ ಹನ್ನೆರಡು. ಯಾರಾದರೂ ತಮ್ಮ ಸ್ವಂತ ಕ್ಯಾಲೆಂಡರಿಗೆ ತಮಗೆ ಬೇಕಾದ ಗಂಟೆ ಇಟ್ಟುಕೊಳ್ಳಬಹುದು.

ಕೆಲಸ ಬರೆದಷ್ಟು ಸಲೀಸಾಗಿ ಆಗಲಿಲ್ಲ. ಲೋಡರು ಗುಡ್ಡಕ್ಕೂ ಸೈಡಿಂಗಿಗೂ ಸೇರಿದ್ದು, ಅದು ಯಾರ ಕ್ಯಾಲೆಂಡರಿನಲ್ಲಿ ಕೂರಬೇಕು ಎಂದು ಸಂಡೂರಿನವರ ಜೊತೆ ಫೋನಿನಲ್ಲಿ ಹೊಡೆದಾಡಿದೆ. ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟು ಅರ್ಧ ದಿನದ ಕೆಲಸ ಅಳಿಸಿತು. ಒಂದು ಸಂಜೆ, ಎಲ್ಲ ಮುಗಿಯಿತು ಎಂದು ನಾನು ಚೀಲ ಹೆಗಲಿಗೆ ಹಾಕುತ್ತಿದ್ದಾಗ, ಅವಳು ನನ್ನ ಕೋಣೆಯ ಬಾಗಿಲಿಗೆ ಬಂದಳು. ಹೊರಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ ಬಾಗಿಲು ಮುಚ್ಚಿದಳು.

“ತಿಂಗಳ ಕೊನೇ ಮನ್ಯಾಗ ಎರಡು ಗಂಟಿ ಹಾಕಿ ನೋಡಿದ್ರೇನ್ರಿ?”

“ಯಾಕ?”

“ಮುಂದಿನ ತಿಂಗಳಿಗೆ ಹೋಗಿ ಕುಂತು ಕಾಣ್ಸಂಗಿಲ್ಲ. ನೀವು ಕೋಡು ಮುಚ್ಚೋಕ್ಕಿಂತ ಮುಂಚೆ ಹೇಳೋಣಂತ ಬಂದೆ.”

ಹಾಕಿ ನೋಡಿದೆ. ಮೂವತ್ತೊಂದರ ರಾತ್ರಿಯ ನಮೂದು ಯಾವ ತಿಂಗಳಲ್ಲೂ ಇರಲಿಲ್ಲ. ತಿಂಗಳನ್ನು ತರಿಸುವಾಗ ನಾನು ನಡುರಾತ್ರಿಗೇ ಕತ್ತರಿಸಿದ್ದೆ. ಇದೇ ಜಾತಿಯ ತಪ್ಪನ್ನು ನಾನು ಸೋಮವಾರದ ಸಭೆಯ ತನಕ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಅವಳು ಬಾಗಿಲು ಮುಚ್ಚಿ ಹೇಳಿದಳು. ಬಾಗಿಲು ಮುಚ್ಚುವಷ್ಟು ನೆಮ್ಮದಿ ಒಬ್ಬರಿಗೆ ಎಲ್ಲಿಂದ ಬರುತ್ತದೆ? ನನಗೆ ಆ ಹೊತ್ತಿನಲ್ಲಿ ಅವಳ ಬುದ್ಧಿಗಿಂತ ಅದರ ಮೇಲೆ ಹೆಚ್ಚು ಹೊಟ್ಟೆಕಿಚ್ಚಾಯಿತು.

“ಇನ್ನೊಂದು” ಎಂದಳು. “ಬರದ ಮ್ಯಾಲ ಕೆಳಗ ಒಂದು ಮಾತು ತೋರಸ್ರಿ. ‘ಗುರುವಾರ ರಾತ್ರಿ ಮೂರು ಗಂಟೆ, ಶುಕ್ರವಾರ ಬೆಳಗಾಗೋ ಮುಂಚೆ’ ಅಂತ. ಓದಿದಾರಿಗೆ ಖಾತ್ರಿ ಆಗ್ತದ.”

ಅದು ಬೇಕಿಲ್ಲ ಎಂದೆ. ಮರುದಿನ ಸೇರಿಸಿದೆ. ಸೈಡಿಂಗಿನಲ್ಲಿ ಎಲ್ಲರಿಗೂ ಹಿಡಿಸಿದ್ದು ಆ ಒಂದು ಮಾತೇ.

ಹೊಸದು ಶುರುವಾದ ಮೇಲೆ ಬಂದ ಮೊದಲ ರಾತ್ರಿಯ ರೈಲು ಹೊತ್ತಿಗೆ ಸರಿಯಾಗಿ ತುಂಬಿ ಹೋಯಿತು. ಬೆಳಿಗ್ಗೆ ಸೂಪರ್‌ವೈಸರರ ಫೋನು ಬಂತು.

“ಮಾಸ್ತರ್ರ, ಮಸ್ತ್ ನಡೀತ್ರಿ. ಮೇಡಂ ಮತ್ತ ಮೊದಲಿನಂಗ ಮಾಡಿದ್ರು ನೋಡ್ರಿ. ನೀವು ಇನ್ನ ಕೈ ಹಚ್ಚಬ್ಯಾಡ್ರಿ, ನಿಮಗ ಕೈ ಮುಗೀತೀನಿ.”

ಇದು ನಾನು ಮಾಡಿದ್ದು ಎಂದು ಹೇಳಲು ಬಾಯಿ ತೆರೆದೆ. ಪರದೆಯ ಮೇಲೆ ಅವಳದಕ್ಕೂ ನನ್ನದಕ್ಕೂ ಏನು ವ್ಯತ್ಯಾಸ ಎಂದು ಅವರು ಕೇಳಿದರೆ, ಸೈಡಿಂಗಿನ ಮಟ್ಟಿಗೆ ಯಾವ ವ್ಯತ್ಯಾಸವೂ ಇರಲಿಲ್ಲ. “ಆತ್ರಿ” ಎಂದು ಫೋನ್ ಇಟ್ಟೆ.

ಬೈಪಾಸಿನ ಕಟ್ಟಡಕ್ಕೆ ಹೋಗುವ ವಾರ ಮ್ಯಾನೇಜರ್ ನನ್ನನ್ನು ಕರೆದು ಯಂತ್ರದ ಕೋಣೆಯ ಬೀಗದಕೈ ಮೇಜಿನ ಮೇಲೆ ಸರಿಸಿದರು.

“ಉಸ್ತುವಾರಿ ನಿಮ್ದು, ತಗೋರಿ. ಖರೇ ಹೇಳ್ತೀನಿ ಮಾಸ್ತರ್, ನಾ ಮೇಡಂಗ ಕೊಡೋಣಂತ ಮಾಡಿದ್ದೆ. ಅವರೇ ಬ್ಯಾಡಂದ್ರು. ಸೈಡಿಂಗಿಂದು, ಗೆಸ್ಟ್ ಹೌಸಿಂದು ಎರಡೂ ಕೂಡಸ್ಯಾರ, ಅದು ಗಟ್ಟಿ ಕೆಲಸ, ಅವರಿಗೆ ಕೊಡ್ರಿ ಅಂದ್ರು. ಭಾಳ ಹೇಳಿದ್ರು ನಿಮ್ಮ ಬಗ್ಗೆ.”

ಬೀಗದಕೈ ತೆಗೆದುಕೊಂಡೆ. ನಾನು ಬಯಸಿದ್ದು ನನಗೆ ಸಿಕ್ಕಿತು, ಅವಳ ಕೈಯಿಂದ. ಅದಕ್ಕಿಂತ ಕೆಟ್ಟದಾಗಿ ಅದು ಸಿಗಬಹುದಾಗಿದ್ದ ದಾರಿ ನನಗೆ ಈಗಲೂ ಹೊಳೆಯುವುದಿಲ್ಲ.

ನೇರ ಅವಳ ಮೇಜಿಗೆ ಹೋದೆ. ಥ್ಯಾಂಕ್ಸ್ ಹೇಳಲು ಬಂದೆ ಎಂದ ಹಾಗೆ ನಿಂತು, ಅಷ್ಟು ದಿನ ಒಳಗೇ ಕೊರೆಯುತ್ತಿದ್ದುದನ್ನು ಕೇಳಿದೆ. ಆ ಸಾಲನ್ನು ಬೇಕೆಂದೇ ಹಾಗೆ ಬರೆದಿದ್ದಳೋ, ಮರೆತಿದ್ದಳೋ? ಮರೆತಿದ್ದರೆ ಬರಿಯ ಅದೃಷ್ಟ, ಅದನ್ನು ನಾನು ಸಹಿಸಬಲ್ಲೆ. ಬೇಕೆಂದೇ ಬರೆದಿದ್ದರೆ ಸೈಡಿಂಗಿನವರ ದಿನವನ್ನು ನನಗಿಂತ ಮೊದಲು ಕಂಡಿದ್ದಳು. ಹಾಗಿದ್ದರೆ ಸಭೆಯಲ್ಲಿ ಬಾಯಿ ಬಿಡಲಿಲ್ಲ ಯಾಕೆ? ನನ್ನ ಬಳಿ ಸಾಕ್ಷಿಯೂ ಇತ್ತು. ಅವಳ ಸಾಲಿನಲ್ಲಿ ದಿನ ತಿರುಗುತ್ತಿದ್ದದ್ದು ಐದೂವರೆಗೆ, ಪಾಳಿ ತಿರುಗುವುದು ಆರಕ್ಕೆ. ಬೇಕೆಂದೇ ಮಾಡಿದವರು ಆರು ಎಂದು ಬರೆಯುತ್ತಿದ್ದರು. ಇದನ್ನೂ ಹೇಳಿದೆ.

ಅವಳು ಬೆರಳನ್ನು ಕೀಲಿಗಳ ಮೇಲಿಂದ ತೆಗೆಯದೆ ಕೇಳಿಸಿಕೊಂಡಳು.

“ನಮ್ಮ ಗಿರಣಿ ಶುರು ಆಗೋದು ಐದೂವರಿಗೆ” ಎಂದಳು.

“ಹಂಗಾರ ಬೇಕಂತನ?”

“ಯಾವ್ದು ಹೇಳಿದ್ರ ನಿಮಗ ಸಮಾಧಾನ ಆಗ್ತದ ಹೇಳ್ರಿ. ಅದನ್ನೇ ಹೇಳ್ತೀನಿ.”

ಎರಡನೆಯ ಮಾತನ್ನು ಅವಳು ಆಡಿದ್ದು ಖಂಡಿತ. ಗಿರಣಿಯ ಮಾತು ಅಂದೇ ಬಂತೋ, ಮುಂದೆಂದೋ ಕ್ಯಾಂಟೀನಿನಲ್ಲಿ ಒಗ್ಗರಣೆ ಮಂಡಕ್ಕಿ ತಿನ್ನುವಾಗ ಬಂತೋ, ನಾನೇ ತಂದು ಅಲ್ಲಿ ಕೂರಿಸಿದೆನೋ, ಹೇಳಲಾರೆ. ಕಂಪ್ಲಿಗೆ ಹೋಗಿ ಗಿರಣಿ ಎಷ್ಟಕ್ಕೆ ಶುರುವಾಗುತ್ತದೆ ಎಂದು ನೋಡಿ ಬರಬಹುದಿತ್ತು. ಹೋಗಲಿಲ್ಲ.

ಹೊಸ ಕಟ್ಟಡದಲ್ಲಿ ಉಸ್ತುವಾರಿಯಾಗಿ ನನಗೆ ಎಲ್ಲರ ಕ್ಯಾಲೆಂಡರಿನ ಆಯ್ಕೆಗಳೂ ಕಾಣುತ್ತಿದ್ದವು. ಯಾರು ಯಾವ ಗಂಟೆ ಆರಿಸಿದ್ದಾರೆ ಎಂದು ಒಂದು ಬೆಳಿಗ್ಗೆ ಸುಮ್ಮನೆ ತೆರೆದು ನೋಡಿದೆ. ಎಲ್ಲ ಹನ್ನೆರಡು, ಇಲ್ಲವೇ ಆರು. ಒಬ್ಬರದು ಮಾತ್ರ ಐದೂವರೆ. ಅವಳದು.

ಉತ್ತರ ಸಿಕ್ಕಿತು, ಬೇಕೆಂದೇ ಬರೆದಿದ್ದಳು ಅನ್ನಿಸಿತು. ಊಟದ ಹೊತ್ತಿನ ತನಕ ಹಾಗೇ ಅನ್ನಿಸುತ್ತಿತ್ತು. ಆಮೇಲೆ, ನಾನು ಒಂದು ದಿನ ಇದನ್ನು ತೆರೆದು ನೋಡಿಯೇ ನೋಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು ಎಂಬುದು ನೆನಪಾಯಿತು.